ಅಘನಾಶಿನಿ ಅಳಿವೆಗೆ ಹೋಗಿ ಬಂದವರು ಹೇಳಿ: ಯಾವಾಗ, ಹೇಗೆ ಹೋಗಬೇಕು?

ಬೆಂಗಳೂರಿನಿಂದ:
ಡಿಸೆಂಬರ್ ಕೊನೆಗೆ ಕುಮಟಾ ಕಡೆ ಹೊರಟಿದ್ದೇವೆ. ನಾನು, ಹೆಂಡತಿ, 8 ಮತ್ತು 11 ವರ್ಷದ ಮಕ್ಕಳು, ಜೊತೆಗೆ ಮೊಣಕಾಲು ನೋವಿರುವ ನಮ್ಮಪ್ಪ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ದಂಡೆಯಲ್ಲಿ ಅರ್ಧ ದಿನ ಕೂತು ಹಕ್ಕಿ ನೋಡುವ ಆಸೆ. ನೀರು, ಕೆಸರಿನ ಅಪಾಯ ಇರಬಾರದು, ನಮ್ಮಿಂದ ಹಕ್ಕಿಗಳಿಗೂ ತೊಂದರೆ ಆಗಬಾರದು. ಅನುಭವ ಇದ್ದವರು ಹೇಳಿ. ಅಪ್ಪ ಜಾಸ್ತಿ ನಡೆಯಲಾರರು.

ಹುಬ್ಬಳ್ಳಿ ಕ್ಯಾಮೆರಾ:
ಭರತ-ಇಳಿತದ ಸಮಯ ನೋಡದೆ ಹೋಗಲೇಬೇಡಿ. ನಮ್ಮನ್ನು ದೋಣಿಯವನು ಮರಳ ದಿಬ್ಬದ ಮೇಲೆ ಇಳಿಸಿ, ಒಂದು ಗಂಟೆಯಲ್ಲಿ ಬರ್ತೀನಿ ಅಂತ ಹೋದವನು ಮೂರು ಗಂಟೆ ಆದರೂ ಬರಲಿಲ್ಲ. ನೀರು ಸಮುದ್ರದ ಕಡೆಯಿಂದ ಬರುತ್ತೆ ಅಂತ ಎಲ್ಲರೂ ಆ ಕಡೆಗೇ ನೋಡುತ್ತಾ ನಿಂತಿರುತ್ತಾರೆ. ಅದು ಬರುವುದು ಬೆನ್ನ ಹಿಂದಿನಿಂದ. ದಿಬ್ಬಕ್ಕೂ ದಂಡೆಗೂ ನಡುವೆ ಇರುವ ಕಾಲುವೆ ಮೊದಲು ತುಂಬುತ್ತೆ, ನೀವು ನಿಂತ ಮರಳು ಇನ್ನೂ ಒಣಗಿಯೇ ಇರುತ್ತೆ. ಕೊನೆಗೆ ಸೊಂಟದ ಮಟ್ಟ ನೀರಲ್ಲಿ ಕೈ ಕೈ ಹಿಡಿದು ದಾಟಿದೆವು. ಬ್ಯಾಗಿನ ತಳದಿಂದ ಉಪ್ಪು ನೀರು ಒಳಗೆ ಹೋಯಿತು. ದೋಣಿಗೆ ಮೊದಲೇ ಕೊಟ್ಟದ್ದು 1,500. ಕ್ಯಾಮೆರಾ ಬಿಚ್ಚಿ ನೋಡುವುದಕ್ಕೇ 1,180 ತಗೊಂಡರು. ಬೋರ್ಡಿಗೆ 21,400, ಲೆನ್ಸಿಗೆ 8,600, ಕೊರಿಯರ್ 740. ನೀರು ಒಳಗೆ ಹೋದದ್ದಕ್ಕೆ ವಿಮೆ ಇಲ್ಲ ಅಂತ ವಿಮೆಯವರೂ ಕೈ ಎತ್ತಿದರು. ಇಷ್ಟೆಲ್ಲ ಸುರಿದ ಮೇಲೂ ಫೋಕಸ್ ರಿಂಗ್ ತಿರುಗಿಸಿದರೆ ಕರಕರ ಅನ್ನುತ್ತೆ.

ಶಿರಸಿ ದುರ್ಬೀನು:
ದಿಬ್ಬದ ಮೇಲೆ ಇಳಿಯುವುದೇ ಯಾಕೆ ಅಂತ ಕೇಳ್ತೀನಿ. ಭರತದ ಹೊತ್ತಿಗೆ ಕೆಸರೆಲ್ಲ ಮುಳುಗಿದಾಗ ಕಡಲಕ್ಕಿ, ರೀವ, ಗೊರವದಂಥ ಹಕ್ಕಿಗಳೆಲ್ಲ ಬಂದು ಕೂರುವುದು ಅಲ್ಲೇ. ಅವಕ್ಕೆ ಉಳಿದಿರುವ ಜಾಗ ಅದೊಂದೇ. ಚಳಿಗಾಲಕ್ಕೆ ಉತ್ತರದಿಂದ ಅಷ್ಟು ದೂರ ಹಾರಿ ಬಂದ ಹಕ್ಕಿಗಳು, ವಾಪಸ್ ಹೋಗುವುದಕ್ಕೆ ಇಲ್ಲೇ ತಿಂದು ಕೊಬ್ಬು ಕೂಡಿಸಬೇಕು. ಒಂದೊಂದು ಸಲ ಎಬ್ಬಿಸಿದಾಗಲೂ ಅದು ಕರಗುತ್ತೆ.

ನಾನು ಗಜನಿ (ಅಳಿವೆ ಪಕ್ಕದ ತಗ್ಗು ಗದ್ದೆ) ಕಟ್ಟೆಯ ಮೇಲೆ ಸ್ಟೂಲ್ ಹಾಕಿ ಕೂರುತ್ತೇನೆ. ಭರತ ಮುಗಿದು ನೀರು ಇಳಿಯಲು ಶುರುವಾದಾಗ ಹೋಗಿ ಕೂತರೆ ಸಾಕು. ಕೆಸರು ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತೆ, ಹಕ್ಕಿಗಳೇ ನಿಮ್ಮ ಕಡೆ ಬರುತ್ತವೆ. ಮೇಯುವುದನ್ನು ಬಿಟ್ಟು ತಲೆ ಎತ್ತಿ ನೋಡಿದವು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಅಥವಾ ಹಿಂದೆ ಸರಿಯಿರಿ. ದೂರದ ಹಕ್ಕಿ ನೋಡುವ ಸ್ಕೋಪಿಗೆ 34,500 ಕೊಟ್ಟೆ, ಸ್ಟ್ಯಾಂಡಿಗೆ 7,200. ಮನೆಯಲ್ಲಿ ಎಲ್ಲರೂ ಬೈದರು. ಆದರೆ ಅದರಿಂದಲೇ ಗೊರವ ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ ಹುಳ ಎಳೆಯುವುದನ್ನು ನೋಡಿದೆ. ಆ ದುಡ್ಡಿನ ಬಗ್ಗೆ ನನಗೆ ಒಂಚೂರೂ ಬೇಸರ ಇಲ್ಲ.

ಮಂಗಳೂರು ಡ್ರೋನ್:
ಎಲ್ಲರೂ ಹೆದರಿಸುವುದೇ ಆಯಿತು. ಮೇಲಿನಿಂದ ನೋಡಿದರೆ ಎಲ್ಲಿ ಕಾಲುವೆ, ಎಲ್ಲಿ ಗಟ್ಟಿ ನೆಲ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ. ನನ್ನದು ನೋಂದಣಿ ಆದ ಡ್ರೋನ್, 120 ಮೀಟರ್ ಮಿತಿ ದಾಟಿಲ್ಲ. ಗರುಡವೊಂದು ಬಂದು ಹೊಡೆದು ಕೆಸರಿಗೆ ಕೆಡವಿತು. ಡ್ರೋನ್ 62,000, ಎರಡು ಹೆಚ್ಚುವರಿ ಬ್ಯಾಟರಿ 11,800, ಮೆಮೊರಿ ಕಾರ್ಡ್ ಬೇರೆ. ಹುಡುಕಿಕೊಡುವುದಕ್ಕೆ ಒಬ್ಬರು 800 ತಗೊಂಡರು, ಸಿಗಲಿಲ್ಲ.

ಶಿರಸಿ ದುರ್ಬೀನು:
ಗರುಡಕ್ಕೆ ಪೆಟ್ಟಾಯಿತಾ ಅಂತ ನೋಡಿದಿರಾ? ಅದರ ಬಗ್ಗೆ ಒಂದು ಸಾಲೂ ಇಲ್ಲ, ಬ್ಯಾಟರಿ ಲೆಕ್ಕ ಇದೆ. ನೋಂದಣಿ ಚೀಟಿ ಹಕ್ಕಿಗೆ ಓದೋಕೆ ಬರುತ್ತಾ?

ಮಂಗಳೂರು ಡ್ರೋನ್:
ಹಾರಿ ಹೋಯಿತು ಅಂತ ವಿಡಿಯೊದಲ್ಲೇ ಇದೆ. ನಿಮ್ಮ ಜೀಪು ಗಜನಿ ಕಟ್ಟೆವರೆಗೂ ಹೋಗುತ್ತಲ್ಲ, ಅದಕ್ಕೆ ಸದ್ದಿಲ್ಲವಾ?

ತದಡಿ ಮನೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಕಟ್ಟೆ ನಮ್ಮದು, ಅದರಾಚೆ ನಾವು ಕಗ್ಗ ಭತ್ತ ಬೆಳೆಯುವ ಗದ್ದೆ. ಜೀಪು ಹತ್ತಿ ಕಟ್ಟೆ ಕುಸಿದರೆ ಉಪ್ಪು ನೀರು ತಡೆಯುವವರು ಯಾರು? ನಮ್ಮ ಅಮ್ಮ ಇಳಿತದ ಹೊತ್ತಿಗೆ ನೀರಲ್ಲಿ ಕೂತು ಕೈಯಿಂದಲೇ ತಡಕಿ ಬಳಚು (ತಿನ್ನುವ ಚಿಪ್ಪುಮೀನು) ತೆಗೆಯುತ್ತಾರೆ. ಬೆರಳ ತುದಿಯ ಚರ್ಮ ಬಿಳಿಚಿ ಸುಕ್ಕಾಗಿರುತ್ತೆ, ಚಿಪ್ಪು ಕೊಯ್ದ ಗೆರೆ ಒಣಗುವುದೇ ಇಲ್ಲ. ಅವರ ಮುಖಕ್ಕೆ ಕ್ಯಾಮೆರಾ ಹಿಡಿದು 'ಅಕ್ಕಾ, ಇಲ್ಲಿ ನೋಡಿ' ಅಂತಾರೆ. 2024ರಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಕಾರು ಜಾಸ್ತಿ ಆಗಿವೆ, ಬಾಟಲಿಯೂ ಜಾಸ್ತಿ.

ಭರತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ನಿನ್ನೆಯ ಸಮಯ ನೆಚ್ಚಿಕೊಂಡು ಬರಬೇಡಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ತುಂಬಾ ಏರುತ್ತೆ, ಇಳಿಯುವಾಗ ಸೆಳೆತವೂ ಜೋರು. ಅಳಿವೆ ಬಾಯಲ್ಲಿ ಈಜುವ ಮಾತೇ ಬೇಡ. ಕೆಸರಲ್ಲಿ ಕಾಲು ಹೂತರೆ ಜೋರಾಗಿ ಎಳೆಯಬೇಡಿ, ಇನ್ನೊಂದು ಕಾಲೂ ಇಳಿಯುತ್ತೆ. ಹಿಂದಕ್ಕೆ ಒರಗಿ, ಭಾರ ಹರಡಿ, ಕಾಲನ್ನು ನಿಧಾನಕ್ಕೆ ಅಲ್ಲಾಡಿಸುತ್ತಾ ಬಿಡಿಸಿಕೊಳ್ಳಬೇಕು.

ಹುಬ್ಬಳ್ಳಿ ಕ್ಯಾಮೆರಾ:
ನಿಮ್ಮ ಊರಿನ ದೋಣಿಯವರಿಗೂ ಹೊತ್ತು ಹೊತ್ತಿಗೆ ಬರೋಕೆ ಹೇಳಿ. ಗಂಬೂಟು ಹಾಕಿಕೊಂಡು ಹೋಗಿ ಅಂತ ಸಲಹೆ ಕೊಟ್ಟದ್ದೂ ಅವರೇ. 650 ಕೊಟ್ಟು ತಂದದ್ದು, ಒಳಗೆ ನೀರು ತುಂಬಿ ಕಾಲೇ ಎತ್ತಲು ಆಗಲಿಲ್ಲ.

ತದಡಿ ಮನೆ:
ಒಬ್ಬ ಮಾಡಿದ್ದಕ್ಕೆ ಊರನ್ನೇ ಬೈಯಬೇಡಿ. ಕೆಸರಿಗೆ ಗಂಬೂಟು ಯಾರೂ ಹಾಕುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಬಿಗಿ ಚಪ್ಪಲಿ ಸಾಕು.

ಹೊನ್ನಾವರ ಟೊಂಕ:
ನಮ್ಮ ಕಾಸರಕೋಡಿನ ದಂಡೆಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಅಲ್ಲಿ ಟಾರ್ಚು, ಫ್ಲ್ಯಾಶು, ಬೈಕಿನ ಲೈಟು ಏನೂ ಬೇಡ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ವಾಪಸ್ ಹೋಗುತ್ತೆ, ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆಗೇ ತೆವಳುತ್ತವೆ. ಇದನ್ನು ಹೇಳಿದ್ದಕ್ಕೆ ರೆಸಾರ್ಟಿನ ಅತಿಥಿಯೊಬ್ಬರು ನನ್ನನ್ನೇ ನೂಕಿದರು. ಮೊಬೈಲ್ ಬಿದ್ದು ಸ್ಕ್ರೀನಿಗೆ 4,300 ಆಯಿತು. ನಾಯಿಯನ್ನು ಕರೆದುಕೊಂಡು ಬರುವವರಂತೂ ಮಾತೇ ಕೇಳುವುದಿಲ್ಲ. ಅಂದ ಹಾಗೆ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮರದ ಹಲಗೆಯ ದಾರಿ ಇದೆ, ಕೆಸರಿಗೆ ಇಳಿಯುವ ತಾಪತ್ರಯವೇ ಇಲ್ಲ. ಅಘನಾಶಿನಿಗಿಂತ ನಮ್ಮದೇ ಚೆಂದ.

ತದಡಿ ಮನೆ:
ಚೆಂದ ಇರಬಹುದು, ಬಳಚು ಎಲ್ಲಿದೆ ನಿಮ್ಮಲ್ಲಿ? ಲಿಂಗನಮಕ್ಕಿ, ಗೇರುಸೊಪ್ಪೆ ಅಣೆಕಟ್ಟುಗಳಿಂದ ವರ್ಷವಿಡೀ ಸಿಹಿ ನೀರು ಬಿಟ್ಟು ನಿಮ್ಮ ಶರಾವತಿ ಅಳಿವೆಯ ಉಪ್ಪೇ ಕಡಿಮೆ ಆಯಿತು. ನಮ್ಮ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ.

ಹೊನ್ನಾವರ ಟೊಂಕ:
ಅಣೆಕಟ್ಟು ಕಟ್ಟಿದ್ದು ನಾವಾ? ಅದರ ಕರೆಂಟು ನಿಮ್ಮ ಮನೆಯಲ್ಲೂ ಉರಿಯುತ್ತೆ. ನಮ್ಮಜ್ಜಿಯೂ ಬಳಚು ತೆಗೆದೇ ಮನೆ ನಡೆಸಿದವರು, ಹೋದದ್ದು ನಮ್ಮದು.

ಬೆಂಗಳೂರಿನಿಂದ:
ಎಲ್ಲರಿಗೂ ಧನ್ಯವಾದ. ಆ ಹಲಗೆ ದಾರಿಯಲ್ಲಿ ಮೆಟ್ಟಿಲು ಇದೆಯಾ? ಅಪ್ಪನಿಗೆ ಕೂರಲು ಜಾಗ ಸಿಗುತ್ತಾ?

ಮಂಗಳೂರು ಡ್ರೋನ್:
ಆ ಜೀಪಿನ ವಿಷಯಕ್ಕೆ ಶಿರಸಿಯವರು ಇನ್ನೂ ಉತ್ತರ ಕೊಟ್ಟಿಲ್ಲ.