‘100% ಎನ್‌ಕ್ರಿಪ್ಟೆಡ್’ ಅಂತಿದೆ, ಆದ್ರೆ ‘ಪ್ರೊಟೆಕ್ಷನ್ ಆಫ್’. ಏನಿದು?

ಲೆಕ್ಕದ_ಪುಸ್ತಕ:
ತೆರಿಗೆ ರಿಟರ್ನ್ಸ್ ತುಂಬಿಕೊಡುವ ಕೆಲಸ ನನ್ನದು. ಲ್ಯಾಪ್‌ಟಾಪ್ ತುಂಬಾ ಗಿರಾಕಿಗಳ ಪ್ಯಾನ್, ಆಧಾರ್, ಬ್ಯಾಂಕ್ ವಿವರ. ಹೋದ ವಾರ ಗೆಳೆಯನ ಬ್ಯಾಗು ರಾತ್ರಿ ಬಸ್ಸಿನಲ್ಲಿ ಕಳುವಾಯಿತು. ಆವತ್ತಿನಿಂದ ನನಗೂ ಪುಕಪುಕ. ನನ್ನದು ವಿಂಡೋಸ್ 11 ಹೋಮ್, ಲೋಕಲ್ ಅಕೌಂಟ್ (ಮೈಕ್ರೋಸಾಫ್ಟ್ ಅಕೌಂಟ್ ಅಲ್ಲ, ಈ ಲ್ಯಾಪ್‌ಟಾಪ್‌ಗಷ್ಟೇ ಇರುವುದು), ಪಾಸ್‌ವರ್ಡ್ ಗಟ್ಟಿಯಾಗಿಯೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬದಲಾಗಿದೆಯೇ ಅಂತ ತೋರಿಸುವ ‘ಮ್ಯಾನೇಜ್-ಬಿಡಿಇ -ಸ್ಟೇಟಸ್’ (manage-bde -status) ಕಮಾಂಡ್ ಕೊಟ್ಟರೆ ಮೇಲೆ 100% ಎನ್‌ಕ್ರಿಪ್ಟೆಡ್, ಕೆಳಗೆ ‘ಪ್ರೊಟೆಕ್ಷನ್ ಆಫ್’. ಯಾವುದನ್ನು ನಂಬಲಿ?

ಬೀಗದಕೈ:
ಕೆಳಗಿನದನ್ನು ನಂಬಿ ಸರ್. ಬೀಗ ಹಾಕಿದೆ, ಕೀಲಿಯನ್ನು ಅದರಲ್ಲೇ ಸಿಕ್ಕಿಸಿ ಬಿಟ್ಟಿದೆ, ಅಷ್ಟೇ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುತ್ತದೆ. ಆದರೆ ನೀವು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವ ತನಕ ಕೀ ಅದೇ ಡಿಸ್ಕ್‌ನಲ್ಲಿ ಬಯಲಲ್ಲೇ ಇರುತ್ತದೆ. ಪಾಸ್‌ವರ್ಡ್ ಕಾಯುವುದು ಲಾಗಿನ್ ಬಾಗಿಲನ್ನು ಮಾತ್ರ. ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದವನಿಗೆ ಅದು ಅಡ್ಡ ಬರುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಶನ್. ಅಲ್ಲಿಂದಲೇ ಸೈನ್ ಇನ್ ಆಗಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಅದೇ ಕಮಾಂಡ್ ಮತ್ತೆ ಕೊಟ್ಟು ನೋಡಿ. 48 ಅಂಕಿಯ ರಿಕವರಿ ಕೀ (ಡಿಸ್ಕ್ ತೆರೆಯುವ ತುರ್ತು ಕೀಲಿ) ಆ ಅಕೌಂಟ್‌ನಲ್ಲಿ ಸೇವ್ ಆಗುತ್ತದೆ. ಕೀ ಕಂಪನಿಯವರ ಹತ್ತಿರ ಇರೋದು ಇಷ್ಟವಿಲ್ಲದಿದ್ದರೆ ವೆರಾಕ್ರಿಪ್ಟ್ ಅನ್ನೋ ಬೇರೆ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಇದೆ. ಹೊಸಬರಿಗೆ ಅದು ಸ್ವಲ್ಪ ತಲೆನೋವು.

ಹಳೇ_ಕೀಬೋರ್ಡ್:
ಆ 48 ಅಂಕಿಯನ್ನು ಕಾಗದದ ಮೇಲೂ ಇಟ್ಟುಕೊಳ್ಳಿ. ನನಗೆ ಒಂದು ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು ಕೀ ಕೇಳಿತು. ಕೀ ಸೇವ್ ಆಗಿದ್ದ ಅಕೌಂಟ್‌ನ ಪಾಸ್‌ವರ್ಡ್ ಮರೆತಿದ್ದೆ, ಅರ್ಧ ದಿನ ಹೋಯಿತು. ಆಮೇಲೆ, ಪ್ರಯಾಣ ಮಾಡುವಾಗ ಸ್ಲೀಪ್‌ನಲ್ಲಿ ಇಡಬೇಡಿ, ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿ ಕೀ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಬ್ಯಾಕಪ್ ಪೆನ್‌ಡ್ರೈವ್ ಇದೆಯಾ? ಅದಕ್ಕೆ ಈ ರಕ್ಷಣೆ ತಾಗುವುದಿಲ್ಲ, ಬೇರೆ ಮಾಡಬೇಕು.

ಲೆಕ್ಕದ_ಪುಸ್ತಕ:
ಆಯ್ತು! ಈಗ ‘ಪ್ರೊಟೆಕ್ಷನ್ ಆನ್’ ಅಂತ ಬಂತು. ಪೆನ್‌ಡ್ರೈವ್‌ನಲ್ಲಿ ಮೂರು ವರ್ಷದ ರಿಟರ್ನ್ಸ್ ಹಾಗೇ ಇತ್ತು, ಅದಕ್ಕೆ ವೆರಾಕ್ರಿಪ್ಟ್ ಹಾಕುತ್ತಿದ್ದೇನೆ. ಕೀ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಬೀಗದಕೈ:
ಯಾವ ಬ್ಯಾಗು ಸರ್? ಲ್ಯಾಪ್‌ಟಾಪ್ ಬ್ಯಾಗಾ?

ಲೆಕ್ಕದ_ಪುಸ್ತಕ:
ಅಯ್ಯೋ. ತೆಗೆದು ಬೀರುವಿನಲ್ಲಿಟ್ಟೆ.