ಪದಬಂಧದ ಎಡ ಕೆಳಮೂಲೆ ತುಂಬುತ್ತಿಲ್ಲ, ‘ಕರ್ಣ’ನಿಗೆ ಬೇರೆ ಹೆಸರು ಏನಿದೆ?

ಖಾಲಿಮನೆ:
ಬೆಳಿಗ್ಗೆಯಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ಇವತ್ತಿನ ಪದಬಂಧ ಪೂರ್ತಿ ಆಗಿದೆ, ಎಡಗಡೆ ಕೆಳಗಿನ ಮೂಲೆ ಮಾತ್ರ ಬಾಕಿ. ಸುಳಿವು ಬರೀ ‘ಕರ್ಣ’. ರಾಧೇಯ ಹಾಕಿದರೆ ಕೂರುತ್ತಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ ಕಾಗದ ತೂತಾಗುವ ಹಾಗಿದೆ. ಉತ್ತರ ನಾಳೆಯ ಪತ್ರಿಕೆಯಲ್ಲಿ ಬರುತ್ತೆ, ಅಲ್ಲಿವರೆಗೆ ಕಾಯುವ ತಾಳ್ಮೆ ನನಗಿಲ್ಲ. ಗೊತ್ತಿದ್ದವರು ಬೇಗ ಹೇಳಿ.

ಸೀಸದಕಡ್ಡಿ:
ಎಷ್ಟು ಮನೆ? ಯಾವ ಅಕ್ಷರ ಬಂದಿದೆ? ಅಕ್ಕಪಕ್ಕದ ಸುಳಿವು ಏನು?

ಹಳೇಮೇಷ್ಟ್ರು:
ಕರ್ಣನ ಹೆಸರಿಗೇನು ಬರ? ಮೂರು ಮನೆಯಾದರೆ ರಾಧೇಯ, ಕಾನೀನ, ಸೂತಜ, ರವಿಜ, ಭಾನುಜ, ಅರ್ಕಜ. ನಾಲ್ಕಾದರೆ ವಸುಷೇಣ, ವೈಕರ್ತನ, ಅಂಗರಾಜ, ಸೂತಪುತ್ರ, ರವಿಸುತ. ಇದರಲ್ಲೇ ಒಂದು ಇರುತ್ತೆ, ನೋಡಿ ತುಂಬಿಸಿ.

ಖಾಲಿಮನೆ:
ಮೂರು ಮನೆ. ಕೊನೆಯ ಅಕ್ಷರ ಜ. ಅದು ಪಕ್ಕಾ.

ಹಳೇಮೇಷ್ಟ್ರು:
ಇದನ್ನು ಮೊದಲೇ ಹೇಳಬಾರದಿತ್ತೇ? ಜ ಅಂದಮೇಲೆ ರವಿಜ. ಮುಗೀತು.

ಕಡಲತಡಿ:
ಮೇಷ್ಟ್ರೇ, ರವಿಜ ಅಂದರೆ ಕರ್ಣ ಒಬ್ಬನೇ ಅಲ್ಲ. ಯಮ, ಶನಿ, ಸುಗ್ರೀವ ಎಲ್ಲರೂ ಸೂರ್ಯನ ಮಕ್ಕಳೇ. ಭಾನುಜ, ಅರ್ಕಜಕ್ಕೂ ಅದೇ ತೊಂದರೆ. ಕರ್ಣನಿಗೇ ಸಲ್ಲುವುದು ಸೂತಜ.

ಹಳೇಮೇಷ್ಟ್ರು:
ಅದು ಅವನನ್ನು ಹೀಯಾಳಿಸೋಕೆ ಅಂದ ಮಾತು. ಅಧಿರಥ, ರಾಧೆ ಅವನನ್ನು ಸಾಕಿದವರು, ಹೆತ್ತವರಲ್ಲ. ಜ ಅಂದರೆ ಹುಟ್ಟಿದವನು. ಸೂತನಿಗೆ ಹುಟ್ಟದವನು ಸೂತಜ ಹೇಗಾಗುತ್ತಾನೆ? ಸೂರ್ಯನಿಗೆ ಹುಟ್ಟಿದವನು, ಹಾಗಾಗಿ ರವಿಜ. ಇದರಲ್ಲಿ ನಾನು ಹಿಂದೆ ಸರಿಯಲ್ಲ.

ಕಡಲತಡಿ:
ಪದಬಂಧ ಮಾಡುವವರು ಅಷ್ಟೆಲ್ಲ ನೋಡಲ್ಲ. ಮನೆಗೆ ಕೂತರೆ ಆಯ್ತು.

ಹೊಸಬಿ:
ಅರ್ಕಜಕ್ಕೆ ನಾಲ್ಕು ಮನೆ ಬೇಕಲ್ವಾ? ಅ, ರ್, ಕ, ಜ?

ಸೀಸದಕಡ್ಡಿ:
ಇಲ್ಲಮ್ಮ. ಒತ್ತಕ್ಷರ ಎಷ್ಟೇ ದೊಡ್ಡದಿರಲಿ, ಒಂದೇ ಮನೆ. ಅ, ರ್ಕ, ಜ. ಸೊನ್ನೆಯೂ ತನ್ನ ಅಕ್ಷರದ ಜೊತೆಗೇ ಕೂರುತ್ತೆ. ಪದಬಂಧ ಅಂದರೆ ಪ, ದ, ಬಂ, ಧ. ಪದದ ಕೊನೆಗೆ ಅರ್ಧಾಕ್ಷರ ಬಂದರೆ ಮಾತ್ರ ಅದಕ್ಕೆ ಬೇರೆ ಮನೆ. ‘ಬಸ್’ಗೆ ಎರಡು.

ಕಡಲತಡಿ:
‘ಬಸ್’ ಅನ್ನು ಒಂದೇ ಮನೆಯಲ್ಲಿ ತುರುಕಿದ್ದನ್ನೂ ನೋಡಿದ್ದೇನೆ.

ಸೀಸದಕಡ್ಡಿ:
ಹಾಗೆ ಮಾಡಿದರೆ ಬಿಡಿಸುವವರಿಗೆ ಅನ್ಯಾಯ. ಆ ಮನೆಯನ್ನು ದಾಟುವ ಇನ್ನೊಂದು ಪದದಲ್ಲೂ ‘ಬಸ್’ ಅನ್ನೋ ತುಂಡು ಹಾಗೇ ಸಿಗಬೇಕಾಗುತ್ತೆ. ಎಲ್ಲಿಂದ ತರೋದು? ಅದಿರಲಿ. ಖಾಲಿಮನೆ ಅವರೇ, ಆ ಜ ಎಲ್ಲಿಂದ ಬಂತು?

ಜೋಳದರೊಟ್ಟಿ:
ನಾನಂತೂ ಪೆನ್ನಿನಲ್ಲೇ ತುಂಬಿಸೋದು. ಮೇಜಿನ ಮೇಲೆ ಕಿಟೆಲ್ ನಿಘಂಟು ಇದೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನವರು ತಂದದ್ದರ ಮರುಮುದ್ರಣ. ಪಕ್ಕದಲ್ಲಿ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ. ಹೊರಗೆ ಹೋದಾಗ ಫೋನಿನಲ್ಲಿ ಅಲರ್ ಅನ್ನೋ ಆನ್‌ಲೈನ್ ನಿಘಂಟು. ಇಷ್ಟಿದ್ದರೆ ಯಾವ ಮೂಲೆಯೂ ಖಾಲಿ ಉಳಿಯಲ್ಲ. ಪದಬಂಧದ ಪುಟ ಕತ್ತರಿಸಿ ರಟ್ಟಿಗೆ ಕ್ಲಿಪ್ ಹಾಕಿಕೊಂಡರೆ ಬರೆಯೋಕೂ ಆರಾಮ.

ಹಳೇಮೇಷ್ಟ್ರು:
ನಿಘಂಟು ನೋಡಿ ತುಂಬಿಸೋದು ಬಿಡಿಸಿದ ಹಾಗಲ್ಲ.

ಜೋಳದರೊಟ್ಟಿ:
ಮೊದಲು ನೆನಪಿನಿಂದ ಬರೆದು ಆಮೇಲೆ ನಿಘಂಟಿನಲ್ಲಿ ಖಾತ್ರಿ ಮಾಡಿಕೊಳ್ಳೋದು ಮೇಷ್ಟ್ರೇ. ಎರಡಕ್ಕೂ ವ್ಯತ್ಯಾಸ ಇದೆ.

ಖಾಲಿಮನೆ:
ಎಲ್ಲರೂ ಎಲ್ಲೆಲ್ಲೋ ಹೋಗ್ತಿದ್ದೀರಿ. ಜ ಬಂದದ್ದು 14 ಮೇಲಿನಿಂದ ಕೆಳಕ್ಕೆಯಿಂದ. ‘ಪಾರ್ವತಿ (3)’. ಗಿರಿಜ. ಇದರಲ್ಲಿ ಏನು ಅನುಮಾನ?

ಕಡಲತಡಿ:
ಗಿರಿಜ ಅಲ್ಲ, ಗಿರಿಜೆ. ಕನ್ನಡದಲ್ಲಿ ಎ ಸ್ವರ ಬರಬೇಕು. ಸೀತೆ, ರಾಧೆ, ಗಿರಿಜೆ.

ಹಳೇಮೇಷ್ಟ್ರು:
ಮೂಲದಲ್ಲಿ ಗಿರಿಜಾ. ಹೆಂಗಸರ ಹೆಸರನ್ನು ಗಿರಿಜಾ ಅಂತಲೇ ಬರೆಯುತ್ತೇವಲ್ಲ?

ಕಡಲತಡಿ:
ಜೆ ಆದರೂ ಜಾ ಆದರೂ ನಿಮ್ಮ ರವಿಜ ಬಿದ್ದುಹೋಯಿತು, ಅದನ್ನು ಒಪ್ಪಿಕೊಳ್ಳಿ.

ಗಣಿತಟೀಚರ್:
ಮಹಾಭಾರತವೇ ಯಾಕೆ? ಆಯತದಲ್ಲಿ ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಗೂ ಕರ್ಣ ಅಂತಲೇ ಹೆಸರು. ಕಿವಿಗೂ ಕರ್ಣ ಅಂತಾರೆ. ‘ಶ್ರವಣ’ ಮೂರು ಮನೆಗೆ ಸರಿಯಾಗುತ್ತೆ. ಇವತ್ತಿನ ಪದಬಂಧದಲ್ಲೇ ‘ನದಿ ಹಿಂದಕ್ಕೆ ಹರಿದರೆ ಒಂದು ಹಗಲು, ಒಂದು ರಾತ್ರಿ (2)’ ಅಂತ ಇದೆಯಲ್ಲ. ನದಿ ತಿರುಗಿದರೆ ದಿನ. ಅಂಥ ಸುಳಿವು ಕೊಡುವವರು ಕರ್ಣನಿಗೆ ಸುಮ್ನೆ ಇನ್ನೊಂದು ಹೆಸರು ಕೇಳಲ್ಲ.

ಹಳೇಮೇಷ್ಟ್ರು:
ಶ್ರವಣ ಅಂದರೆ ಕೊನೆಗೆ ಣ. ಜ ಇದೆ ಅಂತ ಹೇಳಿದ್ದಾರೆ.

ಸೀಸದಕಡ್ಡಿ:
ಆ ಜ ಮೇಲೇ ನನಗೆ ಅನುಮಾನ. ಮೂಲೆಯ ಎಲ್ಲ ಸುಳಿವುಗಳನ್ನೂ, ನೀವು ತುಂಬಿಸಿದ್ದನ್ನೂ, ಅಳಿಸಿದ್ದನ್ನೂ ಬರೆಯಿರಿ. ಚೂರೂ ಬಿಡಬೇಡಿ.

ಖಾಲಿಮನೆ:
ಸರಿ, ತಗೊಳ್ಳಿ.
13 ಎಡದಿಂದ ಬಲಕ್ಕೆ: ಮುದ್ದೆಗೆ ಬೇಕೇ ಬೇಕು (2). ರಾಗಿ ಬರೆದಿದ್ದೇನೆ.
14 ಮೇಲಿನಿಂದ ಕೆಳಕ್ಕೆ: ಪಾರ್ವತಿ (3). ರಾಗಿಯ ‘ಗಿ’ಯಿಂದ ಶುರು, ಗಿರಿಜ.
15 ಮೇಲಿನಿಂದ ಕೆಳಕ್ಕೆ: ಮಂಗಳೂರಿನ ಹೆಸರು ಹೊತ್ತು ಮಾಡಿನ ಮೇಲೆ ಕೂತಿದೆ (2). ಹೆಂಚು ಅಂತ ಬರೆದಿದ್ದೆ, ಅಳಿಸಿದೆ.
16 ಎಡದಿಂದ ಬಲಕ್ಕೆ: ಗೊಂಚಲಲ್ಲಿ ಹುಳಿ, ಸಿಹಿ (2). ಗಿರಿಜದ ‘ರಿ’ಯಿಂದ ಶುರುವಾಗಬೇಕು, ಸಿಕ್ಕಿಲ್ಲ.
17 ಎಡದಿಂದ ಬಲಕ್ಕೆ: ಕರ್ಣ (3).

ಸೀಸದಕಡ್ಡಿ:
ಹೆಂಚು ಯಾಕೆ ಅಳಿಸಿದಿರಿ? ಅದು ಬಿಟ್ಟರೆ ಬೇರೆ ಉತ್ತರವೇ ಇಲ್ಲ.

ಖಾಲಿಮನೆ:
ಅದರ ‘ಚು’ ಕೆಳಗಿಳಿದು ಕರ್ಣನ ಮೊದಲ ಅಕ್ಷರ ಆಗುತ್ತೆ. ಚು ಅಂತ ಶುರುವಾಗುವ ಹೆಸರು ಕರ್ಣನಿಗೆ ಯಾವುದೂ ಇಲ್ಲವಲ್ಲ.

ಸೀಸದಕಡ್ಡಿ:
ಗಂಟು ಅಲ್ಲೇ ಇರೋದು. ಹೆಂಚು ವಾಪಸ್ ಬರೆಯಿರಿ. ಈಗ 16 ನೋಡಿ. ಗೊಂಚಲಲ್ಲಿ ಬರುತ್ತೆ, ಹುಳಿಯೂ ಇರುತ್ತೆ, ಸಿಹಿಯೂ ಇರುತ್ತೆ, ಎರಡೇ ಮನೆ. ದ್ರಾಕ್ಷಿ. ‘ರಿ’ ಮರೆತುಬಿಡಿ, ಅಲ್ಲಿ ‘ದ್ರಾ’ ಬರಲಿ. ಆಗ ಪಾರ್ವತಿಯ ನಡುವಿನ ಅಕ್ಷರ ದ್ರಾ. ಭವಾನಿ, ಅಪರ್ಣ, ಶರ್ವಾಣಿ ಯಾವುದೂ ಆಗಲ್ಲ. ರುದ್ರಾಣಿ ಆಗುತ್ತೆ. ಇಂಗ್ಲಿಷ್‌ನಲ್ಲಿ ಇರೋದೇ 26 ಅಕ್ಷರ, ಒಂದು ಅಕ್ಷರ ಎರಡು ಪದಕ್ಕೂ ಅಕಸ್ಮಾತ್ ಹೊಂದಿಬಿಡಬಹುದು. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದ ಮೇಲೆ ‘ದ್ರಾ’ದಂಥ ಅಕ್ಷರ ಅಡ್ಡಕ್ಕೂ ಉದ್ದಕ್ಕೂ ಕೂತಿತು ಅಂದರೆ ಅದನ್ನು ಧೈರ್ಯವಾಗಿ ನಂಬಬಹುದು. ಹಾಗಾಗಿ ಕರ್ಣನಿಗೆ ಮೊದಲು ಚು, ಕೊನೆಗೆ ಣಿ. ನಡುವಿನದು ಇನ್ನೂ ಹೊಳೆದಿಲ್ಲ.

ಕಡಲತಡಿ:
ಚುಕ್ಕಾಣಿ! ಚು, ಕ್ಕಾ, ಣಿ. ಹಡಗು ನಡೆಸುವವನಿಗೆ ಕರ್ಣಧಾರ ಅನ್ನಲ್ವಾ? ಅವನು ಹಿಡಿದಿರೋದು ಕರ್ಣ, ಅಂದರೆ ಚುಕ್ಕಾಣಿ. ನಮ್ಮೂರ ದೋಣಿಗಳಲ್ಲಿ ದಿನಾ ನೋಡ್ತೀವಿ. ಹಿಂಬದಿಯಲ್ಲಿ ನೀರಿಗೆ ಇಳಿದಿರುತ್ತೆ, ಎತ್ತ ತಿರುಗಿಸಿದರೆ ದೋಣಿ ಅತ್ತ ಹೋಗುತ್ತೆ.

ಗಣಿತಟೀಚರ್:
ಭಲೇ! ಮಹಾಭಾರತ ಅಲ್ಲ ಅಂತ ಮೊದಲು ಹೇಳಿದ್ದು ನಾನು.

ಜೋಳದರೊಟ್ಟಿ:
ಹೆಂಚು ನೋಡಿ ಒಂದು ವಿಷಯ ನೆನಪಾಯಿತು. ನಾನು ಹೇಳಿದ ಕಿಟೆಲ್ ನಿಘಂಟು ತಂದ ಬಾಸೆಲ್ ಮಿಷನ್‌ನವರೇ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಶುರು ಮಾಡಿದ್ದು. 1860ರ ದಶಕದ ಮಾತು. ನೇತ್ರಾವತಿ ದಡದ ಜೇಡಿಮಣ್ಣು ಅದಕ್ಕೆ ಒದಗಿ ಬಂತು. ನನ್ನ ಹತ್ತಿರ ಆ ಕಾಲದ ಅಚ್ಚೊತ್ತಿದ ಹೆಂಚೂ ಒಂದಿದೆ, ಪುಸ್ತಕದ ಕಪಾಟಿನಲ್ಲೇ ಇಟ್ಟಿದ್ದೇನೆ.

ಹಳೇಮೇಷ್ಟ್ರು:
ಚುಕ್ಕಾಣಿ ಸರಿ ಇರಬಹುದು. ಆದರೆ ಜ ಇದ್ದಿದ್ದರೆ ರವಿಜವೇ ಆಗಬೇಕಿತ್ತು. ಸೂತಜ ಯಾವತ್ತೂ ಅಲ್ಲ.

ಖಾಲಿಮನೆ:
ಕೂತಿತು! ಚುಕ್ಕಾಣಿ, ರುದ್ರಾಣಿ, ದ್ರಾಕ್ಷಿ, ಹೆಂಚು ನಾಲ್ಕೂ ಕೂತವು. ಸೀಸದಕಡ್ಡಿ ಸಾರ್, ಕಡಲತಡಿ ಅವರೇ, ತುಂಬಾ ಥ್ಯಾಂಕ್ಸ್. ಆದರೆ ಈಗ 13 ಬಿಟ್ಟುಕೊಂಡಿತು. ರಾಗಿ ಹೋಗಬೇಕು, ಕೊನೆಗೆ ‘ರು’ ಬರಬೇಕು. ಮುದ್ದೆಗೆ ಬೇಕೇ ಬೇಕು. ಸಾರು ತಾನೇ?

ಹೊಸಬಿ:
ನೀರು ಯಾಕಾಗಬಾರದು? ಮುದ್ದೆ ಮಾಡೋಕೆ ಮೊದಲು ನೀರು ಕುದಿಸಬೇಕು. ಸಾರಿಲ್ಲದೆ ಬೆಣ್ಣೆ, ಮಜ್ಜಿಗೆ ಜೊತೆ ಮುದ್ದೆ ತಿನ್ನಬಹುದು. ನೀರಿಲ್ಲದೆ ಮುದ್ದೆಯೇ ಆಗಲ್ಲ.

ಹಳೇಮೇಷ್ಟ್ರು:
ಸಾರು. ಮುದ್ದೆ ಅಂದಮೇಲೆ ಸಾರು. ಬಸ್ಸಾರೋ ಉಪ್ಪುಸಾರೋ ಅಂತ ಬೇಕಾದರೆ ಕೇಳಿ.

ಸೀಸದಕಡ್ಡಿ:
ಆ ಮೊದಲ ಮನೆಯನ್ನು ಬೇರೆ ಯಾವ ಪದ ದಾಟುತ್ತೆ?

ಖಾಲಿಮನೆ:
ಯಾವುದೂ ಇಲ್ಲ. ಮೇಲೆ ಕಪ್ಪುಮನೆ, ಕೆಳಗೂ ಕಪ್ಪುಮನೆ.

ಸೀಸದಕಡ್ಡಿ:
ಹಾಗಾದರೆ ಎರಡೂ ಆಗುತ್ತೆ. ಅಡ್ಡಪದ ಇಲ್ಲದ ಮನೆಗೆ ಇಂಥ ಸುಳಿವು ಕೊಡಬಾರದು. ನಾನಾಗಿದ್ದರೆ ಸಾರು ಬರೆಯುತ್ತಿದ್ದೆ.

ಹೊಸಬಿ:
‘ಮುದ್ದೆಯ ಜೊತೆಗೆ’ ಅಂತ ಇದ್ದಿದ್ದರೆ ನಾನೂ ಸಾರು ಅಂತಿದ್ದೆ ಸಾರ್. ‘ಮುದ್ದೆಗೆ’ ಅಂತ ಇದೆ. ನನ್ನದು ನೀರು.

ಜೋಳದರೊಟ್ಟಿ:
ನಮ್ಮ ಕಡೆ ಮುದ್ದೆ ಕಡಿಮೆ, ಇದರಲ್ಲಿ ನಾನು ಮಾತಾಡಲ್ಲ. ನಾಳೆ ಉತ್ತರ ಬಂದಾಗ ಇಲ್ಲಿ ಹಾಕಿ.