ಹುಲ್ಲು ಬಿತ್ತೋಕೆ ಮಣ್ಣು ಎಷ್ಟು ನುಣ್ಣಗಿರಬೇಕು?

ಹೊಸಮೇವು:
ಮೂರು ಎಕರೆಯಲ್ಲಿ ಕುದುರೆ ಮಸಾಲೆ (ಲೂಸರ್ನ್ ಅನ್ನೋ ಮೇವಿನ ಬೆಳೆ) ಮತ್ತು ಹುಲ್ಲು ಸೇರಿಸಿ ಬಿತ್ತಬೇಕು ಅಂತಿದ್ದೇನೆ, ಕೊಯ್ದು ಒಣಗಿಸಿ ಮೇವಿಗೆ ಇಟ್ಟುಕೊಳ್ಳೋಕೆ. ಇಷ್ಟು ದಿನ ಅಲ್ಲಿ ಮುಸುಕಿನ ಜೋಳ ಇತ್ತು. ಎರಡು ಸಲ ಕಲ್ಟಿವೇಟರ್, ಮೂರು ಸಲ ಮಣ್ಣು ಪುಡಿ ಮಾಡೋ ರೋಟವೇಟರ್ ಹೊಡೆಸಿದೆ. ಈಗ ಮಣ್ಣು ಹಿಟ್ಟಿನ ಹಾಗಿದೆ, ಕಾಲಿಟ್ಟರೆ ಪಾದ ಮುಳುಗುತ್ತದೆ. ನನಗಂತೂ ಖುಷಿಯಾಗಿತ್ತು. ಪಕ್ಕದ ಹೊಲದವರು ಬಂದು ನೋಡಿ, "ಇದರಲ್ಲಿ ಹುಲ್ಲು ಏಳಲ್ಲ" ಅಂದು ಹೊರಟೇ ಹೋದರು. ಯಾಕೆ ಅಂತ ಹೇಳಲಿಲ್ಲ. ಇನ್ನೊಂದು ಸಲ ಹೊಡೆಸಬೇಕಾ? ಗೊಬ್ಬರ ಯಾವಾಗ ಹಾಕೋದು? ಒಂದು ಬದಿಯಲ್ಲಿ ಗರಿಕೆಯೂ ಇದೆ.

ಹಳೆಕುಂಟೆ:
ಅವರು ಹೇಳಿದ್ದು ಸರಿ. ದಯವಿಟ್ಟು ಇನ್ನು ರೋಟವೇಟರ್ ಇಳಿಸಬೇಡಿ.

ಕುದುರೆ ಮಸಾಲೆ ಬೀಜ ಅಂಗೈಲಿ ಹಾಕಿಕೊಂಡು ನೋಡಿ, ಒಂದು ಗ್ರಾಂಗೆ ಹೆಚ್ಚುಕಡಿಮೆ 500 ಬೀಜ ಬರುತ್ತವೆ. ಅಷ್ಟು ಸಣ್ಣ ಬೀಜದ ಹೊಟ್ಟೆಯಲ್ಲಿ ಎಷ್ಟು ಶಕ್ತಿ ಇರುತ್ತೆ? ಅರ್ಧ ಇಂಚಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರೋಕೆ ಒದ್ದಾಡುತ್ತದೆ, ಕಾಲು ಇಂಚು ಸಿಕ್ಕರೆ ಚೆನ್ನಾಗಿ ಬರುತ್ತೆ. ಸಡಿಲ ಮಣ್ಣಲ್ಲಿ ಈ ಆಳ ನಿಮ್ಮ ಕೈಲಿರಲ್ಲ, ಒಂದು ಬೀಜ ಮೇಲೆ, ಒಂದು ಬೀಜ ಎರಡು ಇಂಚು ಕೆಳಗೆ. ಮಣ್ಣಿನ ನಡುವೆ ಗಾಳಿ ತುಂಬಿರೋದರಿಂದ ಕೆಳಗಿನ ತೇವವೂ ಬೀಜಕ್ಕೆ ಮುಟ್ಟಲ್ಲ. ಸಾಲದ್ದಕ್ಕೆ, ಹಿಟ್ಟಾದ ಮಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲ್ಪದರ ತಗಡಿನ ಹಾಗೆ ಬಿಗಿಯುತ್ತದೆ.

ಬಿತ್ತೋ ಮೊದಲು ಒಂದು ಸಲ ರೋಲರ್ ಎಳೆಯಿರಿ. ಆಮೇಲೆ ಹೊಲದ ನಡುವೆ ನಿಂತು ಹಿಮ್ಮಡಿ ಊರಿ. ಗುರುತು ಅರ್ಧ ಇಂಚಿಗಿಂತ ಆಳ ಇಳಿದರೆ ಇನ್ನೊಮ್ಮೆ ಎಳೆಯಿರಿ. ಮಣ್ಣು ಹಸಿ ಇದ್ದಾಗ ಮಾತ್ರ ಬೇಡ, ಅಂಟಿಕೊಂಡು ಎಲ್ಲ ಹಾಳು. ಬಿತ್ತಿದ ಮೇಲೂ ಹಗುರವಾಗಿ ಒಂದು ಸಲ. ಅಲ್ಲಲ್ಲಿ ಕಡಲೆ ಗಾತ್ರದ ಹೆಂಟೆ ಉಳಿದರೆ ಉಳಿಯಲಿ, ಒಳ್ಳೆಯದೇ.

ಮಣ್ಣುಹುಳ:
ರೋಲರ್ ಮಾತು ಒಪ್ಪಿದೆ. ಆದರೆ ಅದಕ್ಕೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ಈ ಹೊಲ ಇನ್ನು ಮೂರ್ನಾಲ್ಕು ವರ್ಷ ನೇಗಿಲು ಕಾಣಲ್ಲ. ಒಳಗೆ ಸೇರಬೇಕಾದ್ದೆಲ್ಲ ಈಗಲೇ ಸೇರಬೇಕು. ರಂಜಕ (ಫಾಸ್ಫರಸ್) ಮಣ್ಣಲ್ಲಿ ಹಾಕಿದ ಕಡೆಯೇ ಕೂತಿರುತ್ತೆ, ಆಮೇಲೆ ಮೇಲೆ ಎರಚಿದರೆ ಬೇರಿನ ಹತ್ತಿರ ಇಳಿಯೋದು ಬಹಳ ನಿಧಾನ. ಕುದುರೆ ಮಸಾಲೆಗೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7ರ ಆಸುಪಾಸು ಬೇಕು. ಹುಳಿ ಮಣ್ಣಾದರೆ ಸುಣ್ಣ ಹಾಕಿ ಮಣ್ಣಿಗೆ ಬೆರೆಸಬೇಕು, ಅದು ಕೆಲಸ ಮಾಡೋಕೆ ತಿಂಗಳುಗಟ್ಟಲೆ ಬೇಕು. ಈ ಸಲ ತಡವಾದರೆ ಒಂದು ಹಂಗಾಮು ಬೇರೆ ಬೆಳೆ ಹಾಕಿಕೊಂಡು ಕಾಯೋದೇ ವಾಸಿ, ಅಲ್ವಾ? ಯೂರಿಯಾ ಜಾಸ್ತಿ ಸುರಿಯಬೇಡಿ, ಕಳೆಗೆ ಹಬ್ಬ. ಬೀಜಕ್ಕೆ ರೈಜೋಬಿಯಂ ಹಚ್ಚಿ, ಬೇರಿನ ಗಂಟಲ್ಲಿ ಸಾರಜನಕ ಕೂಡಿಸೋ ಸೂಕ್ಷ್ಮಜೀವಿ ಅದು.

ಇನ್ನೊಂದು: ಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆದಿದ್ದಿರಾ? ಅದು ಮಣ್ಣಲ್ಲಿ ಉಳಿದಿದ್ದರೆ ಕುದುರೆ ಮಸಾಲೆ ಹುಟ್ಟಿ ಎಲೆ ಬಿಟ್ಟು ಸುಟ್ಟ ಹಾಗೆ ಆಗುತ್ತದೆ. ಒಂದು ಕುಂಡಕ್ಕೆ ಆ ಹೊಲದ ಮಣ್ಣು, ಇನ್ನೊಂದಕ್ಕೆ ಔಷಧಿ ಬೀಳದ ಜಾಗದ ಮಣ್ಣು ತುಂಬಿ, ಎರಡರಲ್ಲೂ ಬೀಜ ಹಾಕಿ ಮೂರು ವಾರ ನೋಡಿ.

ಬಂಡಿಗಾಲಿ:
ಗರಿಕೆ ಇದೆ ಅಂದಿರಿ. ರೋಟವೇಟರ್ ಅದನ್ನು ತುಂಡು ತುಂಡು ಮಾಡಿ ಹೊಲಕ್ಕೆಲ್ಲ ಹಂಚಿರುತ್ತೆ, ಪ್ರತಿ ಗೆಣ್ಣೂ ಒಂದೊಂದು ಗಿಡ. ಈಗ ಒಂದು ನೀರು ಕೊಟ್ಟು ಕಳೆ ಹುಟ್ಟಲು ಬಿಡಿ, ಸಣ್ಣದಿದ್ದಾಗಲೇ ಮೇಲೆ ಮೇಲೆ ಕೆರೆದು ಒಣಗಿಸಿ, ಇನ್ನೊಮ್ಮೆ ಹಾಗೇ ಮಾಡಿ. ಆಳಕ್ಕೆ ಕೆದಕಿದರೆ ಹೊಸ ಕಳೆಬೀಜ ಮೇಲೆ ಬರುತ್ತೆ. ಗರಿಕೆಯನ್ನು ಮಾತ್ರ ಬೇರುಸಮೇತ ಆರಿಸಬೇಕು, ಬೇಜಾರಿನ ಕೆಲಸವೇ.

ಕಲ್ಲು ಆರಿಸೋದು ಮರೆಯಬೇಡಿ. ನಾನು ಮೊದಲ ವರ್ಷ ಸುಮ್ನೆ ಬಿಟ್ಟೆ. ಹುಲ್ಲು ಮೊಣಕಾಲುದ್ದ ಬೆಳೆದ ಮೇಲೆ ಕಲ್ಲು ಎಲ್ಲಿ ಕಾಣುತ್ತೆ? ಮೊದಲ ಕೊಯ್ಲಲ್ಲೇ ಕಟಾವು ಯಂತ್ರದ ಎರಡು ಬ್ಲೇಡು ಹೋಯಿತು. ಗುಂಡಿ ದಿಣ್ಣೆ ಇದ್ದರೆ ಅದನ್ನೂ ಈಗಲೇ ಸಮ ಮಾಡಿ, ನೀರು ನಿಂತ ಕಡೆ ಕುದುರೆ ಮಸಾಲೆ ಬದುಕಲ್ಲ.

ಹೊಸಮೇವು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಹಿಮ್ಮಡಿ ಊರಿ ನೋಡಿದೆ, ಮೂರು ಇಂಚು ಇಳಿಯಿತು! ಅನುಮಾನಕ್ಕೆ ಒಂದು ಕಬ್ಬಿಣದ ಸರಳು ಚುಚ್ಚಿದೆ, ಗೇಣುದ್ದ ಬೆಣ್ಣೆಯ ಹಾಗೆ ಹೋಗಿ ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಆರು ಕಡೆ ಚುಚ್ಚಿದರೂ ಅದೇ ಕಥೆ. ಅಟ್ರಾಜಿನ್ ಹೌದು, ಹೊಡೆದಿದ್ದೆ. ಕುಂಡ ಇಟ್ಟಿದ್ದೇನೆ.

ಹಳೆಕುಂಟೆ:
ಅದು ಗಟ್ಟಿ ಪದರ, ವರ್ಷಾನುಗಟ್ಟಲೆ ಒಂದೇ ಆಳಕ್ಕೆ ಹೊಡೆದರೆ ಹಾಗಾಗುತ್ತೆ. ಕುದುರೆ ಮಸಾಲೆ ಬೇರು ಆಳಕ್ಕೆ ಹೋಗುವ ಜಾತಿ. ಮಣ್ಣು ಒಣಗಿದ್ದಾಗ ಆಳದ ಪದರ ಸೀಳೋ ಸಬ್‌ಸಾಯಿಲರ್‌ನಿಂದ ಒಡೆಸಿ, ಹಸಿ ಇದ್ದರೆ ಪ್ರಯೋಜನ ಇಲ್ಲ. ರೋಲರ್ ಅದಾದ ಮೇಲೆ. ಕುಂಡದಲ್ಲಿ ಏನಾಯಿತು ಅಂತ ಇಲ್ಲೇ ಬರೆಯಿರಿ.